ಹೊಸ ಬ್ಲೇಡಿನ ಸೊಕ್ಕು

ಬ್ಲೇಡು ಅಂದ್ರ ನಂಗೇನು ಹೊಸಾದಲ್ಲ.
ಗುಳೇದಗುಡ್ಡದ ಈ ಪಡಸಾಲ್ಯಾಗ ಕುಂತು
ಮೂವತ್ತು ವರ್ಷ ತಪ್ಪಿದ ಹೊಲಿಗಿ ಬಿಚ್ಚೀನಿ.
ಅರ್ಧಾ ಮುರಿದು, ಒಂದು ಅಂಚಿಗೆ ಚಿಂದಿ ಸುತ್ತಿ,
ಖಣದ ದಡಿಗೆ ತಾಗದಂಗ
ಎರಡು ಪದರಿನ ನಡುವಿನ ದಾರ ಅಷ್ಟಽ ಕೊಯ್ಯೂದು
ನನ್ನ ಬೆರಳಿಗೆ ಗೊತ್ತು.

ಆದ್ರ ಗಂಡನ ಗಲ್ಲ ಖಣ ಅಲ್ಲ.

ಲಾಳಿ ಎಸೆದ ಕೈ ಅದು.
ಹ್ವಾದ ದೀಪಾವಳಿಯಿಂದ ಚಾದ ಬಶಿ ಹಿಡಿದ್ರ
ಬಶೀನಽ ಮಾತಾಡತೈತಿ.
ಹಡಪದ ಸಂಗಣ್ಣನ ಕಡೆ ಹೋಗ್ರಿ ಅಂದ್ರ ಒಲ್ಲೆ ಅಂತಾರ:
"ಊರ ಸುದ್ದಿ ನನ್ನ ಕಿವ್ಯಾಗ ಹಾಕ್ತಾನ,
ನನ್ನ ಕೈ ಸುದ್ದಿ ಊರಿಗೆ ಹಂಚತಾನ."
ಹಂಗಾಗಿ ಹಿತ್ತಾಳಿ ಹಿಡಿಕಿಯ ಆ ಟೊಣಪ ರೇಜರು
ನನ್ನ ಪಾಲಿಗೆ ಬಂತು.

ಹುಚ್ಚೇಶಿ ಅಂಗಡಿ ಮುಂದ ನಿಂತು
"ಚಲೋ ಬ್ಲೇಡು ಯಾವುದೋ ತಮ್ಮಾ?" ಅಂದೆ.
"ಹೊಲಿಗಿ ಬಿಚ್ಚಾಕ ಎಲ್ಲಾನೂ ಒಂದಽ ಅಲ್ಲೇನ್ರಿ ಅಕ್ಕಾ."
"ಗಡ್ಡಕ್ಕ" ಅಂದೆ.
ಅಂವ ನನ್ನ ಗದ್ದ ನೋಡಿದ. ಆಮ್ಯಾಲೆ ತಕ್ಕಡಿ ನೋಡಿದ.
ಜಾತಿಗೊಂದರಂತೆ ತಗದು ಕೊಟ್ಟ.

ನವಿಲ ಛಾಪಿಂದು ಕೊಯ್ಯಲಿಲ್ಲ, ಕಿತ್ತಿತು.
ಕಣ್ಣಂಚಿನ್ಯಾಗ ನೀರು ತುಂಬಿಕೊಂಡು
"ಉಳ್ಳಾಗಡ್ಡಿ ಹೆಚ್ಚಿಯೇನು?" ಅಂತ ಕೇಳಿದ್ರು.
ಹಸಿರು ಪಾಕೀಟಿಂದು, ಪರದೇಶದ್ದಂತ, ಸದ್ದಽ ಇಲ್ಲ.
ಇದಽ ಖರೇ ಅಂತ ನಾನು ಅನ್ನೂದ್ರಾಗ
ಗಂಟಲಗೆಣ್ಣಿನ ಕೆಳಗ
ಯಾರೂ ನೂಲದ ಒಂದು ಕೆಂಪು ಎಳಿ ಇಳೀತು.
ತುರಟಿ ಒತ್ತಿದೆ. ಅವರು ಹಲ್ಲು ಕಚ್ಚಿದ್ರು.
ಮೂರನೇದರ ಹೆಸರು ಮರತೀನಿ.
ಮೇಣದ ಚುಕ್ಕಿ ಹತ್ತಿದ ಅದರ ಕಾಗದ
ಹಾಲಿನ ಲೆಕ್ಕ ಬರ್ಯಾಕ ಬಂತು.

ತಪ್ಪು ನೀರಿಂದಿರಬೇಕು ಅಂದೆ.
ನಮ್ಮ ಬೋರಿನ ಸವಳು ನೀರಿಗೆ ಬುರುಸು ತಿಕ್ಕಿ ತಿಕ್ಕಿ
ತೋಳು ಸೋತ್ರೂ ಬುರುಗು ಏಳೂದಿಲ್ಲ.
ಮಾಳಿಗಿ ಮ್ಯಾಲಿನ ಮಳಿನೀರು ಕಾಸಿದೆ.
ಬುರುಗು ಎದ್ದಿತು, ಎಮ್ಮಿ ಮೊಸರಿನಂಗ ನಿಂತಿತು.
ಬ್ಲೇಡು ತನ್ನ ಸೊಕ್ಕು ಬಿಡಲಿಲ್ಲ.

ಒಂದು ಮಾತ್ರ ತಿಳೀತು.
ಈ ಮುಖದಾಗ ಕೂದಲು ಒಂದಽ ದಿಕ್ಕಿಗೆ ಬೆಳೆಯೂದಿಲ್ಲ:
ಎಡಗಲ್ಲಕ್ಕ ಕೆಳಮುಖ, ದವಡಿ ತಿರುವಿಗೆ ಅಡ್ಡ,
ಕೊಳ್ಳಾಗ ಒಂದು ಸುಳಿ.
ಇಪ್ಪತ್ತೆಂಟು ವರ್ಷ ಬಾಜೂಕ ಮಲಗೀನಿ,
ಆ ಸುಳಿ ನೋಡೇ ಇರಲಿಲ್ಲ.

ಆವತ್ತು ನೇಕಾರ ಕಾರ್ಡಿಗೆ ಫೋಟೋ ಹೊಡಸೂದಿತ್ತು.
ಹುಚ್ಚೇಶಿ ಕಮತಗಿಗೆ ಮದವಿಗೆ ಹೋಗಿ ಅಂಗಡಿಗೆ ಕೀಲಿ.
ಮಶೀನಿನ ಖಾನೇದಾಗ ಮುರೀದ ಬ್ಲೇಡು ಒಂದಽ ಇತ್ತು,
ಹಿಂದಿನ ರಾತ್ರಿ ತೋಪಲಕಟ್ಟಿ ಅಕ್ಕೋರ ಕುಪ್ಪಸದ
ಬಿಗಿ ಆದ ತೋಳು ಬಿಚ್ಚಿದ್ದು.
ಇರೂದು ಇದಽ ಅಂತ ರೇಜರಿಗೆ ಹಾಕಿದೆ.

ಒಂದು ಮಗ್ಗಲಿಂದ ಎಳದ್ರ
ತೂಕಡಿಸಿದಂಗ, ಮೆತ್ತಗ, ಹೋಗಿಬಿಡ್ತು.
ಹೊಳ್ಳಿಸಿ ಆ ಮಗ್ಗಲು ಹಚ್ಚಿದೆ: ಕಡೀತು.
ಕೈ ನಿಂತಿತು. ಬೆಳಕಿಗೆ ಹಿಡಿದು ನೋಡಿದೆ.
ಅಕ್ಕೋರ ತೋಳು ಬಿಚ್ಚಿದ್ದು ಒಂದಽ ಅಂಚು.
ಇನ್ನೊಂದು ಅಂಚಿಗೆ ದಾರದ ಪರಿಚಯನಽ ಇರಲಿಲ್ಲ.

ಅರ್ಧಾ ಬುರುಗಿನ ಮುಖ ಹಂಗಽ ಕುಂದ್ರಿಸಿ
ಎರಡನೇ ತೋಳಿಗೆ ಓಡಿದೆ.
ಅದೂ ಬಿಗೀನಽ ಆಗಿತ್ತು, ಸುಳ್ಳಲ್ಲ.
"ಅಲ್ಲಿ ಏನ ಮಾಡಾಕಹತ್ತಿ?" ಅಂತ ಒಳಗಿಂದ ಕೂಗಿದ್ರು.
ನಾನು ಹೇಳಲಿಲ್ಲ. ಈಗೂ ಹೇಳಿಲ್ಲ.

ಈಗ ಯಾವ ಛಾಪಿಂದಾದ್ರೂ ನಡೀತೈತಿ.
ಹೊಸಾದು ಬಂದ್ರ ಮೊದಲು ಒಂದು ಗೇಣು ಹೊಲಿಗಿ,
ಆ ಅಂಚಿಗೊಂದು ಗೇಣು, ಈ ಅಂಚಿಗೊಂದು ಗೇಣು.
ಬಿಚ್ಚೂ ಬಟ್ಟಿ ಯಾವುದೂ ಬರದ ವಾರ
ಚಿಂದಿ ಮ್ಯಾಲೆ ಬೇಕಂತಽ
ತಪ್ಪು ಹೊಲಿಗಿ ಹಾಕಿ ಇಡತೀನಿ.

ಆ ಫೋಟೋದಾಗ ಬಲಗಿವಿ ಕೆಳಗ
ನಾಕು ಬಿಳಿ ಕೂದಲು ಉಳದಾವ.
ಕಾರ್ಡು ಓರಿ ಮಾಡಿ ಹಿಡಿದ್ರ ಕಾಣತಾವ.